ಏಳದ ಎಮ್ಮೆ, ತೆರೆಯದ ಕಾರು

ಡಾಕ್ಟರ್ ಅಕ್ಕಾರ ಬಲಗೈ ಎಡಗೈಗಿಂತ ಬಿಳುಪಾಗಿತ್ತು, ಭುಜದವರೆಗೂ. ದನಗಳ ಗರ್ಭ ನೋಡಿ, ಹೆರಿಗೆ ಮಾಡಿಸಿ, ಪ್ರತಿ ಸಲವೂ ಸಾಬೂನು ಹಚ್ಚಿ ತಿಕ್ಕಿ ಆ ತೋಳಿನ ಬಣ್ಣವೇ ಬೇರೆಯಾಗಿತ್ತು. ಮೊಣಕೈ ಹತ್ತಿರ ಚರ್ಮ ಸಣ್ಣಗೆ ಬಿರಿದಿರುತ್ತಿತ್ತು. ಅಂಗಿಯ ಬಲತೋಳನ್ನು ಮೇಲಕ್ಕೆ ಮಡಚಿ, ಎಡತೋಳಿಗೆ ಮಣಿಕಟ್ಟಿನಲ್ಲಿ ಗುಂಡಿ ಹಾಕಿಕೊಂಡು ಅವರು ಮೊರಬದ ನಮ್ಮ ಓಣಿಯಲ್ಲಿ ಸದಾ ಓಡಾಡುತ್ತಿದ್ದರು. ಓಡಾಡುತ್ತಿದ್ದರು ಎಂದೇ ಬರೆಯಬೇಕು. ಅವರು ಕೂತದ್ದನ್ನು ನಾನು ನೋಡಿದ್ದು ಅಪರೂಪ.

ಸರ್ಕಾರಿ ಪಶುವೈದ್ಯೆಯಾಗಿ ನಿವೃತ್ತರಾದ ಮೇಲೆ ನಮ್ಮ ಎದುರು ಮನೆಯನ್ನು ಬಾಡಿಗೆಗೆ ಹಿಡಿದು ಇಲ್ಲೇ ಉಳಿದರು. ಒಬ್ಬರೇ ಇದ್ದರು. ನಾನು ವಸತಿನಿಲಯದಲ್ಲಿ ವಾರ್ಡನ್ ಆಗಿದ್ದವನು. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು ನನ್ನ ಮೈಗೆ ಹತ್ತಿದೆ. ಅವರಿಗೆ ಇಂಥ ಹೊತ್ತಿಗೆ ಇಂಥದು ಎಂಬುದೇ ಇರಲಿಲ್ಲ. ನಾನು ತಾಟಿನ ಮುಂದೆ ಕೂತಾಗಲೇ ಬರುತ್ತಿದ್ದರು. ಬಾಗಿಲ ಚೌಕಟ್ಟಿಗೆ ಆನಿಕೊಂಡು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಚಹಾ ಕುಡಿಯುತ್ತಿದ್ದರು.

"ಕೂಡ್ರಿ ಅಕ್ಕಾರ" ಎಂದರೆ, "ಕುಂತ್ರ ನಿದ್ದಿ ಬರತೈತ್ರಿ ವಾರ್ಡನ್ನರ" ಎನ್ನುತ್ತಿದ್ದರು. ಅವರು ಹೋದ ಮೇಲೆ ನನ್ನ ಊಟದ ಮೇಲಿನ ಮನಸ್ಸೂ ಹೋಗಿರುತ್ತಿತ್ತು. ಯಾರ ಮನೆಯ ಆಕಳು, ಏನಾಯಿತು ಎಂಬುದೇ ತಲೆಯಲ್ಲಿ.

ಹಳ್ಳಿಹಳ್ಳಿ ತಿರುಗಲು ಅವರು ಬಿಳಿ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡಿದ್ದರು. "ರಾತ್ರಿ ಕಟ್ಟಿ ಮೇವು ಹಾಕಿದ್ರ ಮುಂಜಾನಿ ತಾನ ತಯಾರಾಗಿ ನಿಂತಿರತೈತಿ" ಎಂದು ಅದನ್ನು ಹೊಗಳುತ್ತಿದ್ದರು. ಕಾರ ಹುಣ್ಣಿಮೆಯ ದಿನ ಓಣಿಯವರು ಎತ್ತುಗಳ ಮೈಗೆ ಕೆಂಪು ಹುರಮಂಜು ಬಳಿದು, ಕೊಂಬಿಗೆ ಬಣ್ಣ ಹಚ್ಚಿ ಮುಗಿಸಿದ ಮೇಲೆ ಆ ಕಾರನ್ನೂ ಬಿಡಲಿಲ್ಲ. ಬಾಗಿಲುಗಳ ಮೇಲೆ ಕೆಂಪು ಅಂಗೈಗಳನ್ನು ಒತ್ತಿದರು. ನನ್ನ ತಂಗಿಯಂತೂ ಕೊಂಬಿಗೆ ಹಚ್ಚಿ ಉಳಿದಿದ್ದ ನೀಲಿ ಎಣ್ಣೆಬಣ್ಣವನ್ನು ತಂದು ಬಾಗಿಲ ಹಿಡಿಕೆಗಳಿಗೆಲ್ಲ ದಪ್ಪಗೆ ಬಳಿದಳು. ಮೊದಲ ಮಳೆಗೆ ಹುರಮಂಜು ಹೋಯಿತು, ನೀಲಿ ಉಳಿಯಿತು. ಕೆರೆದು ತೆಗೆಯೋಣವೆಂದು ನಾನು ಹೊರಟರೆ ಅಕ್ಕಾರು ಬಿಡಲಿಲ್ಲ. "ಇರ್ಲಿ ಬಿಡ್ರಿ, ದುಡಿಯೂ ಎತ್ತಿನ ಕೊಂಬು ಅದು."

ತಂಗಿಯ ವಿಷಯ ಹೇಳಬೇಕು. ಗಂಡ ತೀರಿಕೊಂಡ ಮೇಲೆ ಅವಳು ನನ್ನ ಮನೆಗೆ ಬಂದದ್ದು ಒಂದು ಎಮ್ಮೆಯ ಕಣ್ಣಿ ಹಿಡಿದುಕೊಂಡು. ಹಾಲು ಮಾರಿ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಳು. ನನ್ನ ಮುಂದೆ ಕೈ ಒಡ್ಡಿದವಳಲ್ಲ. ಅಣ್ಣನ ಮನೆಯಲ್ಲಿ ಅವಳು ತಲೆ ಎತ್ತಿ ಓಡಾಡುತ್ತಿದ್ದದ್ದು ಆ ಎಮ್ಮೆಯ ಬಲದ ಮೇಲೆ.

ದೀಪಾವಳಿಯ ಮುಂದೆ ಅಕ್ಕಾರು ಸಂಬಂಧಿಕರ ಮದುವೆಗೆಂದು ಹೋದವರು ಅಲ್ಲಿ ಜ್ವರ ಬಂದು ಬಹಳ ದಿನ ಉಳಿದರು. ಕಾರು ಬೇವಿನ ಮರದ ಕೆಳಗೆ ಕೀಲಿ ಹಾಕಿದಂತೆಯೇ ನಿಂತಿತ್ತು. ಅವರು ಮಧ್ಯಾಹ್ನದ ಬಸ್ಸಿಗೆ ಬಂದಿಳಿದ ದಿನವೇ ನಮ್ಮ ಎಮ್ಮೆ ಮಲಗಿಬಿಟ್ಟಿತು. ಹಿಂದಿನ ದಿನ ಕರು ಹಾಕಿತ್ತು.

"ಅಕ್ಕಾರ, ಎಮ್ಮಿ ಏಳವಲ್ದು! ಕುತ್ತಿಗಿ ತಿರುವಿ ಹೊಟ್ಟಿ ಮ್ಯಾಲೆ ಇಟಗೊಂಡೈತಿ!" ಎಂದು ತಂಗಿ ಕೂಗಿದಳು.

ಅವರು ಚೀಲವನ್ನು ಓಣಿಯಲ್ಲೇ ಬಿಟ್ಟು ಬಂದರು. ಎಮ್ಮೆಯ ಕಿವಿ ಮುಟ್ಟಿದರು, ಮೂಗು ಮುಟ್ಟಿದರು. "ತಣ್ಣಗಾಗಾಕತ್ತೈತಿ. ಮೈಯಾಗಿನ ಕ್ಯಾಲ್ಸಿಯಂ ಎಲ್ಲಾ ಹಾಲಿಗೆ ಇಳದೈತಿ. ರಕ್ತದಾಗ ಬಿಟ್ರ ಏಳತೈತಿ, ಇಲ್ಲಂದ್ರ ಇಲ್ಲ. ಬಾಟ್ಲಿ ಕಾರಿನಾಗ ಅದಾವು."

ರಿಮೋಟ್ ಒತ್ತಿದರು. ಕಾರು ಸುಮ್ಮನಿತ್ತು. ಮತ್ತೆ ಒತ್ತಿದರು, ಹತ್ತಿರ ಹೋಗಿ ಒತ್ತಿದರು. ದೀಪವಿಲ್ಲ, ಸದ್ದಿಲ್ಲ.

"ಹೋಗೂ ಮುಂದ ಪೂರ್ತಿ ಚಾರ್ಜ್ ಮಾಡಿದ್ರಲ್ಲ?" ಎಂದೆ.

"ಗಾಲಿ ತಿರುಗಿಸೂ ದೊಡ್ಡ ಬ್ಯಾಟರಿ ತುಂಬೇ ಐತ್ರಿ. ಬಾಗಲಾ ತಗಿಯೂದು ಬ್ಯಾರೆ, ಸಣ್ಣದು. ಅದು ಸತ್ತೈತಿ."

ಕಾರಿನ ಸುತ್ತ ತಿರುಗುತ್ತಲೇ ಕಂಪನಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಕಾರಿನ ಜೊತೆ ಕೊಟ್ಟ ಪುಸ್ತಕ ನೋಡಿ ಎಂದಳು. "ಪುಸ್ತಕ ಕಾರಿನಾಗ ಐತಿ ತಂಗಿ!" ಎಂದು ಅಕ್ಕಾರು ಕೂಗಿದರು. ಹಾಗಾದರೆ ಮೆಕ್ಯಾನಿಕ್ ನಾಳೆ ಬರುತ್ತಾನೆ ಎಂದಳು. ನವಲಗುಂದಕ್ಕೆ ಹೋಗಿ ಔಷಧಿ ತರುವಷ್ಟು ಹೊತ್ತೂ ಎಮ್ಮೆಗೆ ಇರಲಿಲ್ಲ. ತಂಗಿ ಕಲ್ಲು ಹಿಡಿದುಕೊಂಡು ಬಂದಳು.

"ಗ್ಲಾಸ್ ಒಡೀಲೇನ್ರಿ?"

"ಕೀಲಿ ಆಗಲಿಲ್ಲಂದ್ರ ಒಡಿ. ಮೊದಲ ಎಮ್ಮಿ ಎರಡೂ ಬಾಜು ಹೊಟ್ಟು ತುಂಬಿದ ಚೀಲ ಇಟ್ಟು ಬಾ. ಅಡ್ಡ ಬೀಳಾಕ ಬಿಡಬ್ಯಾಡ."

ಅವಳು ಓಡಿದಳು. ಅಕ್ಕಾರು ರಿಮೋಟಿನ ಬದಿಯ ಗುಂಡಿ ಜರುಗಿಸಿ ಅದರೊಳಗಿಂದ ಒಂದು ಸಣ್ಣ ಕಬ್ಬಿಣದ ಕೀಲಿ ಎಳೆದರು. ಆದರೆ ಅದನ್ನು ಹಾಕುವ ತೂತು ಕಾಣಲಿಲ್ಲ. ಹಿಡಿಕೆಯ ತುದಿಯಲ್ಲಿ ಒಂದು ಮುಚ್ಚಳವಿದೆ, ತೂತು ಅದರ ಹಿಂದೆ ಎಂದರು. ನಾನು ಬೆರಳಾಡಿಸಿದೆ. ಒಂದು ಸಂದೂ ಸಿಗಲಿಲ್ಲ. ಎಲ್ಲ ನುಣ್ಣಗೆ ನೀಲಿ.

ಚೀಲ ಇಟ್ಟು ಬಂದ ತಂಗಿಗೆ ನೋಡಿದ ಕೂಡಲೇ ತಿಳಿಯಿತು. "ಅಯ್ಯ, ನನ್ನ ಕೈ ಸೇದಿ ಹೋಗ್ಲಿ! ನಾನ ಬಳದು ಮುಚ್ಚೀನಲ್ರಿ!"

"ಕೈ ಇರ್ಲಿ ಬೇ. ಅದರಾಗ ಕುರ್ಪಿ ಹಿಡಿ."

ಕಳೆ ತೆಗೆಯುವ ಕುರ್ಪಿಯ ಮೂಲೆಯಿಂದ ಅವಳು ಬಣ್ಣ ಕೆರೆದಳು. ಚಿಪ್ಪುಚಿಪ್ಪಾಗಿ ಎದ್ದಿತು. ಮುಚ್ಚಳ ಸಿಡಿದು ಕೆಳಗೆ ಬಿತ್ತು. ಅಕ್ಕಾರು ಕೀಲಿ ತಿರುವಿದರು, ಬಾಗಿಲು ತೆರೆಯಿತು. ಆದರೆ ಔಷಧಿ ಇದ್ದದ್ದು ಡಿಕ್ಕಿಯಲ್ಲಿ, ಡಿಕ್ಕಿ ತೆರೆಯುವುದೂ ಕರೆಂಟಿನಿಂದಲೇ. ಅವರು ಒಂದು ಕ್ಷಣವೂ ನಿಲ್ಲಲಿಲ್ಲ. ಮುಂದಿನ ಸೀಟುಗಳ ನಡುವೆ ನುಸುಳಿ, ಹಿಂದಿನ ಸೀಟಿನ ಬೆನ್ನು ಮಡಚಿ, ತಲೆ ಮುಂದಾಗಿ ಡಿಕ್ಕಿಯೊಳಗೆ ಇಳಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಅಂಗಾಲುಗಳು ಮಾತ್ರ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಹೋಗುವುದು, ಎಮ್ಮೆಯ ಉಸಿರು ನೋಡುವುದು, ಮತ್ತೆ ಕಾರಿಗೆ ಬರುವುದು.

"ಸಿಕ್ಕೊಂಡ್ರೇನ್ರಿ ಅಕ್ಕಾರ?" ತಂಗಿ ಬಗ್ಗಿ ಕೇಳಿದಳು.

"ಬಾಟ್ಲಿ ಸಿಕ್ತು. ಕಾಲ ಹಿಡದು ಜಗ್ಗು."

"ಕರು ಜಗ್ಗಿದಂಗ ಜಗ್ಗಲೇನ್ರಿ?"

"ಹೂಂ. ನೋವು ಬಂದಾಗ ಜಗ್ಗು" ಎಂದು ಒಳಗಿನಿಂದ ದನಿ ಬಂತು. ಅಳುತ್ತಿದ್ದ ತಂಗಿ ಅಷ್ಟರಲ್ಲೂ ನಕ್ಕಳು.

ಮುಂದಿನದನ್ನು ನಾನು ಮರೆಯಲಾರೆ. ಎಮ್ಮೆಯ ಕುತ್ತಿಗೆಯ ನರಕ್ಕೆ ಸೂಜಿ ಹಾಕಿ, ನಳಿಗೆ ಸಿಕ್ಕಿಸಿ, ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟು ಅಕ್ಕಾರು ಕೂತರು. ಸಗಣಿಯಲ್ಲೇ ಚಕ್ಕಳಮಕ್ಕಳ ಹಾಕಿ, ಎಮ್ಮೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಣ್ಣು ಮುಚ್ಚಿ ಕೂತರು. ನನ್ನ ಬಾಗಿಲ ಚೌಕಟ್ಟಿನಲ್ಲಿ ಒಂದು ಗಳಿಗೆ ಕಾಲೂರದ ಆ ಹೆಂಗಸು ಕಲ್ಲಿನಂತೆ ಕೂತಿದ್ದರು. ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು.

"ಲಗೂ ಬಿಡ್ರಲ್ಲ ಅಕ್ಕಾರ" ಎಂದಳು ತಂಗಿ.

"ಲಗೂ ಬಿಟ್ರ ಎದಿ ನಿಂತು ಹೋಗತೈತಿ. ಸಾವಕಾಶ." ಮತ್ತೆ ನನಗೆ, "ಕೈ ಇಳಿಸಬ್ಯಾಡ್ರಿ ವಾರ್ಡನ್ನರ, ಮ್ಯಾಲೆ."

ನಾನು ಎರಡೂ ಕೈಯಲ್ಲಿ ಬಾಟ್ಲಿ ಎತ್ತಿ ಹಿಡಿದೆ. ಬಾಟ್ಲಿ ಮುಗಿಯುತ್ತ ಬಂದಾಗ ಎಮ್ಮೆಯ ತೊಡೆ ನಡುಗಿತು. ನಾನು ಹೆದರಿದೆ, ಅಕ್ಕಾರು ಕಣ್ಣು ತೆರೆದು ನಕ್ಕರು. ಎಮ್ಮೆ ತೇಗಿತು. ಸಗಣಿ ಹಾಕಿತು. ಸ್ವಲ್ಪ ಹೊತ್ತಿನ ಮೇಲೆ ಹಿಂಗಾಲು ಎತ್ತಿ, ಮುಗ್ಗರಿಸಿ, ಎದ್ದು ನಿಂತು ಕರುವಿನ ಕಡೆ ನೋಡಿತು. ತಂಗಿ ಅದರ ಕುತ್ತಿಗೆಯನ್ನು ಅಪ್ಪಿಕೊಂಡಳು. ಅಕ್ಕಾರು ಆಗಲೇ ಹೊರಗೆ ಹೋಗಿ, ಕಾರಿನ ಸತ್ತ ಬ್ಯಾಟರಿಗೆ ವೈರು ಜೋಡಿಸಲು ಯಾರದೋ ಟ್ರ್ಯಾಕ್ಟರನ್ನು ಕೂಗಿ ಕರೆಯುತ್ತಿದ್ದರು.

ಆ ಎಮ್ಮೆ ಆಮೇಲೂ ಕರು ಹಾಕಿತು, ಹಾಲು ಕೊಟ್ಟಿತು. ತಂಗಿ ಇಂದಿಗೂ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತಾಳೆ. ಈ ಋಣವನ್ನು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಲು ಹೊರಟಾಗೆಲ್ಲ ಅವರು ಇನ್ನೊಂದು ಮನೆಗೆ ಹೊರಟಿರುತ್ತಿದ್ದರು.

ಹೋದ ವರ್ಷ ಒಂದು ನಸುಕಿನಲ್ಲಿ ಅವರು ನಿದ್ದೆಯಲ್ಲೇ ಹೋಗಿಬಿಟ್ಟರು. ಹುಬ್ಬಳ್ಳಿಯಿಂದ ಬಂದ ಅವರ ಅಣ್ಣನ ಮಗನಿಗೆ ಅಂತ್ಯಕ್ರಿಯೆ ಬೇಗ ಮುಗಿಸುವ ಅವಸರ. ಅಂಗಳದಲ್ಲಿ ಇದ್ದವರು ನಾವು ನಾಲ್ಕಾರು ಮುದುಕರು. "ಇಷ್ಟ ಜನಾನ?" ಎಂದು ಅವನು ನೊಂದುಕೊಂಡ. ಎಲ್ಲರೂ ಹಾಲು ಹಿಂಡುತ್ತಿದ್ದಾರೆ, ತಡೆಯಿರಿ ಎಂದೆ. ಬರಬರುತ್ತ ಓಣಿ ತುಂಬಿತು. ಸುತ್ತಲ ಹಳ್ಳಿಯವರೂ ಬಂದರು. ತಂಗಿ ಬಂದದ್ದು ಎಲ್ಲರಿಗಿಂತ ಕೊನೆಗೆ, ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ.

"ಇವತ್ತರೆ ಸ್ವಲ್ಪ ಲಗೂ ಬರಬಾರದಿತ್ತೇನ್ರಿ?" ಎಂದ ಅವನು.

"ಕೆಚ್ಚಲ ಹಂಗ ಬಿಟ್ಟು ಬಂದಿದ್ರ ನಿಮ್ಮತ್ತಿ ಎದ್ದು ಬೈತಿದ್ರು ತಮ್ಮಾ" ಎಂದಳು.

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ತಂಗಿ ಕಾಲು ಮುಟ್ಟಿ ನಮಸ್ಕರಿಸಿದ ಮೇಲೆ ಅಕ್ಕಾರನ್ನು ಎತ್ತಿದರು.