ಅಲಸಂಡೆಯ ಲೆಕ್ಕ

ನಮ್ಮ ಮೇಘನಾ ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಪಾಸಾದಳು! ಬರೀ ಪಾಸಲ್ಲ, ನೂರಕ್ಕೆ ಎಂಬತ್ತೆರಡು! ಈ ತಮಿಳು ಊರಲ್ಲಿ, ಪುರಸೈವಾಕ್ಕಂನ ನಮ್ಮ ಬೀದಿಯಲ್ಲಿ ಹೂವಿನವಳಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಹೇಳಿ ಬಂದೆ. ವರ್ಷವಿಡೀ ಈ ಮೊಮ್ಮಗಳನ್ನು ಕೀಲ್ಪಾಕಿನ ಟ್ಯೂಷನ್ನಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದವಳು ನಾನೇ. ಜ್ವರ ಎಂದರೂ ಬಿಡಲಿಲ್ಲ. ಯಾಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಟ್ಯೂಷನ್ ಎಂದರೆ ಶಾರದಕ್ಕನ ಜಗಲಿ. ನನಗೆ ಎಂಟು ವರ್ಷ. ಅಪ್ಪ ಇದೇ ಬೀದಿಯ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಿದ್ದರು. ಆ ಬೇಸಗೆ ರಜೆಯಲ್ಲಿ ನಮ್ಮ ಹಿಂಬದಿ ಮನೆಯ ಶಾರದಕ್ಕ, ರೈಲ್ವೆ ಗುಮಾಸ್ತರ ಹೆಂಡತಿ, ಹೋಟೆಲಿನವರ ಐದಾರು ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ, ಕನ್ನಡ ಬರವಣಿಗೆ ಹೇಳಿಕೊಡುತ್ತಿದ್ದರು. ಅಡುಗೆಗೆ ತಂದ ಉದ್ದುದ್ದ ಅಲಸಂಡೆಕಾಯಿ ಮುರಿದ ತುಂಡುಗಳೇ ನಮ್ಮ ಮಗ್ಗಿ ಪುಸ್ತಕ.

"ಆರಾರು ತುಂಡಿನ ಏಳು ಗುಡ್ಡೆ ಮಾಡು. ಈಗ ಎಣಿಸು ಪುಟ್ಟೀ."

ತಪ್ಪಿದರೆ ಹೊಡೆತವಿಲ್ಲ. "ತಪ್ಪಿದ ಗುಡ್ಡೆ ತಿಂದ್ಬಿಡು, ಮತ್ತೆ ಮಾಡು" ಎನ್ನುತ್ತಿದ್ದರು. ಹಸಿ ಅಲಸಂಡೆ ಎಷ್ಟು ಸಿಹಿ! ಬೇಕೆಂದೇ ತಪ್ಪುತ್ತಿದ್ದೆವು.

ಆದರೆ ಬೀದಿಯಲ್ಲಿ ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ನನ್ನ ಜೀವವೆಲ್ಲ ಅಲ್ಲಿ. ಒಂದು ಸಂಜೆ ಅಪ್ಪ ಕೇಳಿದರು:

"ಟ್ಯೂಷನ್ನಲ್ಲಿ ಎಂತ ಮಾಡ್ಸಿದ್ರು ಮಗಾ?"

"ಅಲಸಂಡೆ ಮುರಿಸಿದ್ರು."

"ಮತ್ತೆ ಲೆಕ್ಕ?"

ಹೊರಗೆ ಬಿಲ್ಲೆ ಬಿದ್ದ ಸದ್ದು ಕೇಳಿತು. "ಬರೀ ಅಲಸಂಡೆ," ಅಂದೆ.

ಈರುಳ್ಳಿ ವಾಸನೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ಅಪ್ಪ ಎದ್ದರು. ನೇರ ಶಾರದಕ್ಕನ ಬಾಗಿಲಿಗೇ ಹೋದರು. "ನಾನು ದಿನಾ ಹೆಚ್ಚೂದು ಸಾಲ್ದಾ? ನನ್ನ ಮಗಳೂ ನಿಮ್ಮನೆ ತರಕಾರಿ ಮುರೀಬೇಕಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಮರುದಿನದಿಂದ ಹೋಟೆಲಿನವರ ಒಂದು ಮಗುವೂ ಆ ಜಗಲಿ ಹತ್ತಲಿಲ್ಲ.

ಆಡುತ್ತಿದ್ದ ನನ್ನನ್ನು ಶಾರದಕ್ಕ ಕರೆದು ಕೇಳಿದ್ದು ಒಂದೇ ಮಾತು: "ಆರೇಳಲಿ ಎಷ್ಟು ಪುಟ್ಟೀ?"

ಗೊತ್ತಿತ್ತು. ಹೇಳದೆ ಓಡಿದೆ.

ರಜೆ ಮುಗಿಯುವಷ್ಟರಲ್ಲಿ ಅವರ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಮುಂದಿನ ವರ್ಷ ನಾನು ಲೆಕ್ಕದಲ್ಲಿ ಫೇಲಾದೆ, ಶಾಲೆಯೂ ಅಲ್ಲಿಗೇ ನಿಂತಿತು. ಇದನ್ನು ಬರೆಯುತ್ತಿರುವ ಈ ನಾಲ್ಕಕ್ಷರವೂ ಅವರು ಕಲಿಸಿದ್ದೇ. ಆ ಜಗಲಿ ಈಗಿಲ್ಲ, ಅಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ತಪ್ಪಾಯ್ತು ಎನ್ನೋಣವೆಂದರೆ ಶಾರದಕ್ಕ ಎಲ್ಲಿ?

ಇವತ್ತು ಸಂಜೆ ಪಾಯಸ ಮಾಡಿದೆ, ಜೊತೆಗೆ ಅಲಸಂಡೆ ಪಲ್ಯ. ಮಗ, ಸೊಸೆ, ಮೇಘನಾ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಮೊದಲ ಸಲ ಎಲ್ಲವನ್ನೂ ಹೇಳಿಬಿಟ್ಟೆ.

"ಪಾಟ್ಟೀ, ನೀಯಾ ಪೊಯ್ ಸೊನ್ನೆ?" ಅಜ್ಜಿ, ನೀನಾ ಸುಳ್ಳು ಹೇಳಿದ್ದು ಎಂದು ಮೇಘನಾ ತಮಿಳಿನಲ್ಲಿ ಕಣ್ಣರಳಿಸಿದಳು.

"ಅಮ್ಮ ಈಗ ಸಿಕ್ಕಿಬಿದ್ಲು ನೋಡು!" ಎಂದು ಮಗ ನಕ್ಕ.

ನನಗೆ ನಗು ಬರಲಿಲ್ಲ. ತಟ್ಟೆಯ ಅಂಚಿನಲ್ಲಿ ಪಲ್ಯದ ತುಂಡುಗಳನ್ನು ಆರಾರಾಗಿ ಗುಡ್ಡೆ ಮಾಡುತ್ತಿದ್ದೆ.

"ನಲವತ್ತೆರಡು," ಅಂದೆ.

"ಯಾರು ಕೇಳಿದ್ರಮ್ಮ?" ಎನ್ನುತ್ತ ಸೊಸೆ ನನ್ನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದಳು.