ಡ್ರೈವರಣ್ಣನ ಬಲಗಾಲಿಗೊಂದು ಕಾರು

ಬೆಳಗಿನ ಐದೂಮುಕ್ಕಾಲು. ಗುಂಡ್ಲುಪೇಟೆಯ ಹಳೇ ಪೇಟೆಯ ಬೀದಿಯಲ್ಲಿ ಅಂಗಡಿಗಳಿನ್ನೂ ತೆರೆದಿಲ್ಲ. ಕೇರಳದ ಕಡೆ ಹೊರಟ ತರಕಾರಿ ಲಾರಿಗಳ ಸದ್ದು ಹೆದ್ದಾರಿಯಿಂದ ಕೇಳುತ್ತಿದೆ. ಬೀದಿಯ ನಡುವೆ ಕುಕ್ಕರುಗಾಲಿನಲ್ಲಿ ಕೂತಿರುವ ಮೈಮುನಾ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೈಯಲ್ಲಿದ್ದ ರಿಮೋಟಿನ ಟ್ರಿಗರ್ ಒತ್ತುತ್ತಾರೆ. ಒಂದಡಿ ಉದ್ದದ ನೀಲಿ ಕಾರು ಚಿಮ್ಮಿ ಓಡುತ್ತದೆ. ಮೊದಲ ಲೈಟುಕಂಬದಿಂದ ಎರಡನೆಯದಕ್ಕೆ ಮೂವತ್ತು ಮೀಟರ್. ಅವರು ಕಣ್ಣು ಮುಚ್ಚಿಕೊಂಡಿದ್ದಾರೆ.

"ನೋಡಿದ್ರೆ ಏನೂ ಗೊತ್ತಾಗಕಿಲ್ಲ ಸಾರ್, ಕೇಳ್ಬೇಕು. ಮೂರು ಸೆಕೆಂಡಲ್ಲಿ ಓಯ್ತು, ಸರಿ. ಆದ್ರೆ ಒಳಗೆ ಒಂದು ಗೇರಿನ ಅಲ್ಲು ಸವೆದದೆ. ಕರಕರ ಅಂತು ನೋಡಿ" ಎನ್ನುತ್ತಾರೆ. ನನಗೆ ಯಾವ ಕರಕರವೂ ಕೇಳಿಸಿಲ್ಲ. ಅಂಗಡಿಗೆ ಬಂದು ಕಾರಿನ ಹೊಟ್ಟೆ ಬಿಚ್ಚಿದರೆ ಬಿಳಿ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲು ನಿಜಕ್ಕೂ ಮೊಂಡಾಗಿವೆ.

ಐವತ್ತಾರು ವರ್ಷದ ಮೈಮುನಾ ರಿಮೋಟ್ ಕಾರುಗಳ ರಿಪೇರಿಯವರು. ದಿನಕ್ಕೆ ಆರೋ ಏಳೋ ಗಾಡಿ ಬರುತ್ತವೆ. ಚಾಮರಾಜನಗರ, ಚಂದಕವಾಡಿ, ಮದ್ದೂರಿನ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಬಂದವರಲ್ಲಿ ಅರ್ಧ ಜನಕ್ಕೆ ಬೇಕಿರುವುದು ರಿಪೇರಿಯಲ್ಲ, ಸಲಹೆ: ಬೀದಿಯಲ್ಲಿ ಓಡಿಸಲು, ಜೋರಾಗಿ ಓಡಲು ಯಾವ ಕಾರು ಕೊಳ್ಳಬೇಕು?

ಈ ಕೈಗೆ ಮೊದಲು ಸಿಕ್ಕಿದ್ದು ಕಾರಲ್ಲ, ರೇಡಿಯೊ. ತಂದೆ ಅಬ್ದುಲ್ ರಹೀಂ ಇದೇ ಎಂಟಡಿ ಅಗಲದ ಅಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಹಳ್ಳಿಯವರು ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿ ರೇಡಿಯೊ ತರುತ್ತಿದ್ದ ಕಾಲ. ಕ್ರಿಕೆಟ್ ಇದ್ದ ದಿನ ಅಂಗಡಿ ಮುಂದೆ ಸೈಕಲ್ಲುಗಳ ಸಾಲು ನಿಲ್ಲುತ್ತಿತ್ತು. ಸಂಜೆಯ ವಾರ್ತೆಗೆ ಬೀದಿಯ ಹೆಂಗಸರು ಕೆಲಸ ನಿಲ್ಲಿಸಿ ಜಗಲಿಗೆ ಬರುತ್ತಿದ್ದರು. ಹನ್ನೆರಡು ವರ್ಷದ ಮೈಮುನಾಳ ಬೆರಳು ತೆಳ್ಳಗಿದ್ದುದರಿಂದ ಸಣ್ಣ ಬೆಸುಗೆಯೆಲ್ಲ ಅವಳದೇ. ಆದರೆ ಕೂರುತ್ತಿದ್ದುದು ಪರದೆಯ ಹಿಂದೆ.

"ಹೆಣ್ಣೈಕ್ಳು ಮಾಡಿದ್ದು ಅಂದ್ರೆ ಜನ ರೇಡಿಯೊ ವಾಪಸ್ ಇಸ್ಕಂಡು ಓಗ್ತಿದ್ರು. ಅದ್ಕೆ ಅಬ್ಬಾ ನಂಗೆ ಒಳಗೇ ಕೊಡೋರು. ನಾನು ಬೆಸುಗೆ ಹಾಕಿ ಪರದೆ ಕೆಳಗಿಂದ ತಳ್ತಿದ್ದೆ. ಆಚೆ ಯಾರಾರ 'ರಹೀಂ ಸಾಬ್ರ ಕೈ ಅಂದ್ರೆ ಕೈ' ಅಂದ್ರೆ, ಅಬ್ಬಾ ಒಂದ್ಸಲ ಕೆಮ್ಮೋರು. ಅದು ನಂಗೆ ಸಾರ್, ಆ ಕೆಮ್ಮು" ಎಂದು ಹೇಳುವಾಗ ಮೈಮುನಾರ ಮುಖ ಹುಡುಗಿಯ ಮುಖದಂತಾಗುತ್ತದೆ.

ತಂದೆ ತೀರಿಕೊಂಡ ವರ್ಷವೇ ಅವರು ಪರದೆ ಬಿಚ್ಚಿದರು. ಅಷ್ಟರಲ್ಲಿ ರೇಡಿಯೊ ತರುವವರೇ ಇಲ್ಲವಾದರು. ಟಿವಿ ಬಂತು, ಮೊಬೈಲ್ ಬಂತು, ಎರಡಕ್ಕೂ ಬೇರೆ ಅಂಗಡಿಗಳಾದವು. ಒಂದು ದಿನ ಯಾರೋ ಎರಡು ರಿಮೋಟ್ ಕಾರು ತಂದು, ಒಂದರ ರಿಮೋಟ್ ಒತ್ತಿದರೆ ಪಕ್ಕದ್ದೂ ಓಡುತ್ತದೆ, ಯಾಕೆಂದು ಕೇಳಿದರು. ಮೈಮುನಾ ನಕ್ಕುಬಿಟ್ಟರು. ಎರಡು ಸ್ಟೇಷನ್ ಒಂದೇ ಕಡೆ ಬಂದು ಕಲಸಿಕೊಳ್ಳುವ ರೇಡಿಯೊದ ಹಳೇ ತೊಂದರೆಯೇ ಅದು. ಅಂದಿನಿಂದ ಈ ಕೆಲಸ.

ಅವರ ಸಲಹೆ ಚುಟುಕು. "ಬೀದಿಗೆ ಬೇಕು ಅಂದ್ರೆ ದೊಡ್ಡ ಚಕ್ರದ್ದು ಬ್ಯಾಡ. ಅದು ಮಣ್ಣಿನ ಗಾಡಿ, ಎತ್ರ ಇರ್ತದೆ, ತಿರುಗಿಸ್ದೇಟ್ಗೆ ಮಗುಚ್ಕತದೆ. ತಗ್ಗಿರ್ಬೇಕು, ಅಗಲ ಇರ್ಬೇಕು, ಟೈರು ಮೆತ್ತಗಿರ್ಬೇಕು. ಗೇರು ಕಬ್ಬಿಣದ್ದಿರ್ಲಿ. ಡಬ್ಬಿ ಮೇಲೆ ಅರವತ್ತು ಸ್ಪೀಡು ಅಂತ ಬರ್ದಿರ್ತಾರೆ, ಅದ ನೋಡ್ಬ್ಯಾಡಿ. ಎಷ್ಟು ದೂರದಲ್ಲಿ ನಿಲ್ತದೆ ಅಂತ ಕೇಳಿ. ನಿಲ್ದೇ ಇರೋ ಸ್ಪೀಡ್ ಕಟ್ಕಂಡು ಏನ್ ಮಾಡೀರಿ?"

ಕಳೆದ ವರ್ಷ ಉಡಿಗಾಲದ ನಾಗಲಕ್ಷ್ಮಿ ಈ ಅಂಗಡಿಗೆ ಬಂದದ್ದು ಸಲಹೆ ಕೇಳಲು ಅಲ್ಲ. ಕೈಯಲ್ಲಿದ್ದ ದೊಡ್ಡ ಚಕ್ರದ ಕೆಂಪು ಕಾರನ್ನು ಮೇಜಿನ ಮೇಲಿಟ್ಟು, "ಇದನ್ನ ಯಾರಿಗಾದ್ರೂ ಕೊಟ್ಬಿಡಿ ಅಕ್ಕ, ನಮ್ಮನೇಲಿ ಬೇಡ" ಎಂದರು. ನಾಗಲಕ್ಷ್ಮಿ ಶಾಲಾ ಶಿಕ್ಷಕಿ. ಯಾರು ಓಡಿಸುತ್ತಿದ್ದರು ಎಂದು ಮೈಮುನಾ ಕೇಳಿದ್ದಕ್ಕೆ ಅವರೆಂದರು: "ನಮ್ಮಪ್ಪಾಜಿ."

ಅಪ್ಪಾಜಿ ಎಂದರೆ ಶಾಂತಮಲ್ಲಪ್ಪ. ಮೂವತ್ತೊಂದು ವರ್ಷ ಊಟಿ ಮಾರ್ಗದಲ್ಲಿ ಸರ್ಕಾರಿ ಬಸ್ ಓಡಿಸಿದವರು, ಒಂದೂ ಅಪಘಾತ ಮಾಡದವರು. ಊರಿಗೆಲ್ಲ ಅವರು ಡ್ರೈವರಣ್ಣ. ನಿವೃತ್ತಿಯಾದ ಐದನೇ ವರ್ಷ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತವು. ಒಂದು ದಿನ ಅವರೇ ಮಗಳನ್ನು ಕರೆದು, ಬೀದಿಯಲ್ಲಿ ಓಡಿಸುವಂಥ, ಸ್ಪೀಡ್ ಇರುವ ರಿಮೋಟ್ ಕಾರು ತರಿಸಿಕೊಡು ಎಂದಿದ್ದರು. ಡಬ್ಬಿಯ ಮೇಲಿನ ಅರವತ್ತು ನೋಡಿ ಮಗಳು ತರಿಸಿದರು.

ಆ ರಿಮೋಟಿಗೆ ಎರಡು ಕೈ ಬೇಕು. ಎಡಗೈಯಲ್ಲಿ ಹಿಡಿದು ಬೆರಳಿನಿಂದ ಟ್ರಿಗರ್ ಒತ್ತಬೇಕು, ಬಲಗೈಯಿಂದ ಪುಟ್ಟ ಸ್ಟಿಯರಿಂಗ್ ತಿರುಗಿಸಬೇಕು. ಶಾಂತಮಲ್ಲಪ್ಪ ರಿಮೋಟನ್ನು ಮಂಡಿಗಳ ನಡುವೆ ಇರುಕಿಸಿಕೊಂಡು ಬಲಗೈಯಿಂದಲೇ ಟ್ರಿಗರ್ ಒತ್ತಿದರು. ತಿರುಗಿಸಲು ಕೈ ಉಳಿಯಲಿಲ್ಲ. ಕಾರು ನೇರ ಹೋಗಿ, ಮೊಸರು ಮಾರಲು ಬರುತ್ತಿದ್ದ ಮಲ್ಲಾಜಮ್ಮನ ಕಾಲಿಗೆ ಬಡಿಯಿತು. ತಪ್ಪಲೆ ಉರುಳಿ ಮೊಸರೆಲ್ಲ ಬೀದಿಪಾಲು. ಆಕೆಗೆ ತರಚಿದ ಗಾಯವಷ್ಟೇ.

"ನಿನ್ನ ಬಸ್ಸಲ್ಲಿ ಕಣ್ಮುಚ್ಕಂಡು ನಿದ್ದೆ ಮಾಡ್ತಿದ್ದೆ ಕಣ ಡ್ರೈವರಣ್ಣ, ಈಗ ನಿನ್ನ ಬೀದೀಲಿ ನಡಿಯಕ್ಕೆ ಭಯ ಆಯ್ತದೆ" ಎಂದರಂತೆ ಮಲ್ಲಾಜಮ್ಮ. ಸಿಟ್ಟಿನಿಂದ ಅಂದದ್ದಲ್ಲ. ಆದರೆ ಶಾಂತಮಲ್ಲಪ್ಪ ಒಳಗೆ ಹೋದವರು ಒಂದೂವರೆ ತಿಂಗಳು ಜಗಲಿಗೂ ಬರಲಿಲ್ಲ. ಫಿಜಿಯೋಥೆರಪಿ ನಿಲ್ಲಿಸಿದರು, ಮಾತು ನಿಂತಿತು, ಊಟ ಅರ್ಧವಾಯಿತು.

ನಾಗಲಕ್ಷ್ಮಿ ಅಂಗಡಿಗೆ ಬಂದು ಹೋದ ಮರುದಿನವೇ ಮೈಮುನಾ ಬಸ್ ಹತ್ತಿ ಉಡಿಗಾಲಕ್ಕೆ ಹೋದರು. ಗೋಡೆ ಕಡೆ ತಿರುಗಿ ಮಲಗಿದ್ದವರನ್ನು ಏನೂ ಸಮಾಧಾನ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಡ್ರೈವರಣ್ಣ, ಬಲಗಾಲು ಎಂಗದೆ?"

ಶಾಂತಮಲ್ಲಪ್ಪ ತಿರುಗಿ ನೋಡಿದರು. "ಬಲಗಾಲ್ಗೇನಾಗದೆ? ಚೆನ್ನಾಗೇ ಅದೆ."

ಮುಂದಿನ ಹನ್ನೊಂದು ದಿನ ಮೈಮುನಾ ಬೇರೆ ಕೆಲಸ ಮುಟ್ಟಲಿಲ್ಲ. ರಿಮೋಟಿನ ಟ್ರಿಗರ್ ಬಿಚ್ಚಿದರೆ ಒಳಗಿರುವುದು, ರೇಡಿಯೊದಲ್ಲಿ ಸದ್ದು ಹೆಚ್ಚು ಕಡಿಮೆ ಮಾಡುವ ಬಿಲ್ಲೆಯಂಥದ್ದೇ ಒಂದು ಸಾಮಾನು. ಅದನ್ನು ಹೊರಗೆಳೆದು, ತಮ್ಮ ಕರೆಂಟಿನ ಹೊಲಿಗೆ ಯಂತ್ರದ ಪೆಡಲ್ ಬಿಚ್ಚಿ ಅದರೊಳಗೆ ಕೂರಿಸಿದರು. ಸ್ಟಿಯರಿಂಗನ್ನು ಒಂದು ಹಲಗೆಗೆ ಬಿಗಿದರು. ಬಲಗೈಗೆ ಸ್ಟಿಯರಿಂಗ್, ಬಲಗಾಲಿಗೆ ವೇಗ. ದೊಡ್ಡ ಚಕ್ರದ ಕಾರನ್ನು ಬದಿಗಿಟ್ಟು, ತಗ್ಗಾದ, ಮೆತ್ತನೆ ಟೈರಿನ ರಸ್ತೆ ಗಾಡಿಯೊಂದನ್ನು ಆರಿಸಿದರು. ವೇಗ ಇಪ್ಪತ್ತೈದು ದಾಟದಂತೆ ಕಟ್ಟಿದರು. ಕಾಲೆತ್ತಿದರೆ ತಾನೇ ಬ್ರೇಕ್ ಬೀಳುವಂತೆ ಮಾಡಿದರು.

ಎಲ್ಲವನ್ನೂ ಉಡಿಗಾಲಕ್ಕೆ ಒಯ್ದರು. ಶಾಂತಮಲ್ಲಪ್ಪ ಜಗಲಿಯ ಕುರ್ಚಿಯಲ್ಲಿ ಕೂತು ಒಮ್ಮೆ ಒತ್ತಿ ನೋಡಿ, ಕಾಲು ತೆಗೆದುಬಿಟ್ಟರು. "ಇದು ಸರಿಯಿಲ್ಲ ಕಣವ್ವ. ಬ್ರೇಕಿಗೆ ಬ್ಯಾರೆ ಪೆಡಲ್ ಇರ್ಬೇಕು. ಕಾಲು ಅಲ್ಲಿಂದ ಇಲ್ಲಿಗೆ ಬರ್ಬೇಕು. ಡ್ರೈವರ್ ಬ್ರೇಕ್ ಹಾಕ್ಬೇಕು, ಗಾಡಿ ತಾನೇ ಹಾಕ್ಕೋಬಾರ್ದು."

ಒಂದೂವರೆ ತಿಂಗಳಲ್ಲಿ ಅಪ್ಪಾಜಿ ಆಡಿದ ಅತಿ ಉದ್ದದ ಮಾತು ಅದು ಎನ್ನುತ್ತಾರೆ ನಾಗಲಕ್ಷ್ಮಿ. ಮೈಮುನಾ ಹಲಗೆಯನ್ನು ಬಗಲಲ್ಲಿಟ್ಟುಕೊಂಡು ವಾಪಸ್ ಬಂದರು. ಇನ್ನೊಂದು ಪೆಡಲ್ ಹುಡುಕಿ, ಸ್ಪ್ರಿಂಗ್ ಹಾಕಿ ಕೂರಿಸಲು ಮತ್ತೆ ನಾಲ್ಕು ದಿನ ಹಿಡಿಯಿತು.

ಮೈಮುನಾ ಜೊತೆ ನಾನು ಉಡಿಗಾಲಕ್ಕೆ ಹೋದದ್ದು ಒಂದು ಭಾನುವಾರ. ಶಾಂತಮಲ್ಲಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೂತಿದ್ದಾರೆ. ಕಾರು ಬೀದಿಯ ತುದಿಗೆ ಹೋಗುತ್ತದೆ, ತಿರುವಿಗೆ ಮುಂಚೆಯೇ ವೇಗ ತಗ್ಗಿಸುತ್ತದೆ, ಹೊರಳಿ ಬರುತ್ತದೆ. ಎದುರಿಗೆ ತಪ್ಪಲೆ ಹೊತ್ತ ಮಲ್ಲಾಜಮ್ಮ. ಬಲಗಾಲು ಒಂದು ಪೆಡಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಆಕೆ ಇನ್ನೂ ಎರಡು ಮಾರು ದೂರವಿರುವಾಗಲೇ ಕಾರು ನಿಲ್ಲುತ್ತದೆ.

"ಓಗವ್ವ, ದಾಟು" ಎನ್ನುತ್ತಾರೆ ಶಾಂತಮಲ್ಲಪ್ಪ. ಮಲ್ಲಾಜಮ್ಮ ಬಾಗಿ ಕಾರನ್ನು ನೋಡುತ್ತಾರೆ. "ಟಿಕೆಟ್ ಎಷ್ಟಪ್ಪ?" ಎಂದು ಕೇಳುತ್ತಾರೆ. ಜಗಲಿಯಲ್ಲಿದ್ದವರೆಲ್ಲ ನಗುತ್ತಾರೆ. ಡ್ರೈವರಣ್ಣ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ.

ಮೈಮುನಾ ಮಾತ್ರ ನಗುತ್ತಿಲ್ಲ. ಅವರ ನೋಟ ಆ ಬಲಗಾಲಿನ ಮೇಲೆಯೇ ಇದೆ. ಬಸ್ ಕಾಯುತ್ತಾ ನಿಂತಾಗ, ನಿಮಗೇನು ಆಸೆ ಎಂದು ಕೇಳುತ್ತೇನೆ.

"ಊಟಿ ಬಸ್ಸಲ್ಲಿ ಡ್ರೈವರ್ ಪಕ್ಕದ ಸೀಟು ಸಿಕ್ಬೇಕು ಸಾರ್. ಊಟಿ ನೋಡಕ್ಕಲ್ಲ. ಘಾಟಿ ಇಳಿಯುವಾಗ ಡ್ರೈವರ್ ಕಾಲು ಬ್ರೇಕ್ ಮೇಲೆ ಎಷ್ಟು ಬಿಗಿ ಇರ್ತದೆ, ಎಷ್ಟು ಸಡ್ಲ ಇರ್ತದೆ, ನೋಡ್ಕಂಡು ಬರ್ಬೇಕು. ನಾನು ಆ ಬ್ರೇಕಿಗೆ ಹಾಕಿರೋ ಸ್ಪ್ರಿಂಗು ಇನ್ನೂ ವಸಿ ಗಟ್ಟಿ ಅದೆ."