ತಿಪ್ಪಸಂದ್ರದಿಂದ ಪುಣೆಗೆ, ಒಂದು ವಿಮಾನ ತಪ್ಪಿ

ಯುಗಾದಿ ಕಳೆದ ವಾರವೇ, ಒಂದು ಬೆಳಿಗ್ಗೆ ನಾವು ಮೂವರು ಮಾಗಡಿ ಕಡೆಯ ತಿಪ್ಪಸಂದ್ರದಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ನಾನು, ನನ್ನ ಅಕ್ಕನ ಮಗಳು ಸವಿತಾ, ಅವಳ ಅತ್ತೆ ಕೆಂಪಮ್ಮ. ಮೂವರಲ್ಲಿ ಒಬ್ಬರೂ ಅದುವರೆಗೆ ವಿಮಾನ ಹತ್ತಿದವರಲ್ಲ.

ಸವಿತಾಳ ಗಂಡ ಮಂಜು ಬಿಡದಿಯ ಒಂದು ಕಾರ್ಖಾನೆಯ ಕೆಲಸಗಾರ. ತರಬೇತಿಗೆಂದು ಅವನನ್ನು ಪುಣೆಯ ಘಟಕಕ್ಕೆ ಕಳಿಸಿದ್ದರು. ಅಲ್ಲಿ ಕಬ್ಬಿಣದ ಅಚ್ಚೊಂದು ಜಾರಿ ಅವನ ಎಡಗಾಲಿನ ಮೇಲೆ ಬಿತ್ತು. ಪಾದ ತೆಗೆಯಬೇಕು ಎಂದರು ಡಾಕ್ಟರು. ಮಂಜು ಸಹಿ ಹಾಕಲಿಲ್ಲ. "ಅವ್ವನೂ ಸವಿತಾನೂ ಬರ್ಲಿ. ಅವ್ರ ಮಖ ನೋಡ್ದೆ ನಾನು ಕಾಲು ಕೊಡಾಕಿಲ್ಲ" ಎಂದು ಫೋನಿನಲ್ಲಿ ನನಗೇ ಹೇಳಿದ. ತಡವಾದಷ್ಟೂ ನಂಜು ಮೇಲಕ್ಕೇರುತ್ತದೆ, ಬೇಗ ಬನ್ನಿ ಎಂದು ಆಸ್ಪತ್ರೆಯವರು ಹೇಳಿದರು.

ಕಂಪನಿಯವರು ಅತ್ತೆ ಸೊಸೆಗೆ ಟಿಕೆಟ್ ಮಾಡಿಸಿ, ರಾಮನಗರದಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೆ ಇಮೇಲ್ ಕಳಿಸಿದರು. ನನಗೆ ಹಿಂದಿ ಬರುತ್ತದೆಂದು ನನ್ನದನ್ನೂ ಮಾಡಿಸಿಕೊಂಡೆ. ಕಂಪನಿಯಲ್ಲಿ ಟಿಕೆಟ್ ಮಾಡಿಸಿದವನಿಗೆ ಸವಿತಾ ಗರ್ಭಿಣಿ ಎಂದು ಗೊತ್ತಿತ್ತು. "ಎರಡು ಗಂಟೆ ಮೊದಲು ಹೋಗಿ, ಫೋಟೋ ಇರುವ ಗುರುತಿನ ಚೀಟಿ ಇರಲಿ, ಸಾಕು" ಎಂದ. ಸಾಕಾಗಲಿಲ್ಲ. ಈಗ ನಮ್ಮ ಕಡೆಯವರೂ ವಿಮಾನ ಹತ್ತುವ ಕಾಲ ಬಂದಿದೆ. ನಮಗೆ ಯಾರೂ ಹೇಳದೆ ಬಿಟ್ಟದ್ದನ್ನು ಬರೆದಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮಾಗಡಿ ದಾಟಿ ತಾವರೆಕೆರೆಯವರೆಗೆ ದಾರಿ ಚೆನ್ನಾಗಿತ್ತು. ಬಿಸಿಲು ಆಗಲೇ ಸುಡುತ್ತಿತ್ತು. ಆಮೇಲೆ ಬೆಂಗಳೂರು ಸಿಕ್ಕಿತು, ರಸ್ತೆ ಅಗೆತ ಸಿಕ್ಕಿತು, ಲಾರಿಗಳ ಸಾಲು ಸಿಕ್ಕಿತು. ಕೆಂಪಮ್ಮ ಚಾಲಕನಿಗೆ, "ಒಸಿ ಜೋರಾಗಿ ಓಡ್ಸಪ್ಪ" ಎಂದರು.

"ಎಲ್ಲಿಗ್ ಓಡ್ಸ್ಲಿ ಅಮ್ಮ, ಮುಂದಿನ ಲಾರಿ ಮ್ಯಾಕಾ?" ಎಂದ ಅವನು. "ಏರ್‌ಪೋರ್ಟು ಹಳೇ ಜಾಗದಲ್ಲೇ ಇದ್ದಿದ್ರೆ ಒಸಿ ಹತ್ರ ಆಗೋದು. ಈಗ ದೇವನಹಳ್ಳಿಗೆ ಹೊತ್ಕೊಂಡೋಗವ್ರೆ. ಅಲ್ಲಿಗೋಗೋದೇ ಒಂದು ಪ್ರಯಾಣ, ಆಮೇಲೆ ಇಮಾನ."

ಅವನ ಮಾತು ನಿಜ. ನಮ್ಮ ಕಡೆಯವರು ಊರಿನಿಂದ ಬೆಂಗಳೂರಿಗೆ ಹಿಡಿಯುವಷ್ಟೇ ಹೊತ್ತನ್ನು ಬೆಂಗಳೂರು ದಾಟುವುದಕ್ಕೂ ಇಟ್ಟುಕೊಳ್ಳಬೇಕು. ನಾವು ಇಟ್ಟುಕೊಂಡಿದ್ದೆವು. ಹೇಳಿದ ಹೊತ್ತಿಗೆ ನಿಲ್ದಾಣದಲ್ಲಿದ್ದೆವು. ಬಾಗಿಲಲ್ಲಿ ಪೊಲೀಸಿನವರು ಟಿಕೆಟ್ಟನ್ನೂ ಮೂವರ ಮತದಾರರ ಚೀಟಿಯನ್ನೂ ನೋಡಿ ಒಳಗೆ ಬಿಟ್ಟರು. ಒಳಗೆ ಉದ್ದನೆಯ ಸಾಲು. ಗರ್ಭಿಣಿ ನಿಂತಿದ್ದರೂ ಯಾರೂ ಮುಂದೆ ಹೋಗಿ ಎನ್ನಲಿಲ್ಲ. ಅಂಥವರು ಸಾಲಿನಲ್ಲಿ ಕಾಯಬೇಕಿಲ್ಲ, ಕೇಳಿದರೆ ಮುಂದೆ ಬಿಡುತ್ತಾರೆ ಎಂಬುದು ನನಗೆ ಮರುದಿನ ತಿಳಿಯಿತು.

ನಮ್ಮ ಸರದಿ ಬಂದಾಗ ನಾನು ಪೆಟ್ಟಿಗೆಯನ್ನು ತೂಕದ ಪಟ್ಟಿಯ ಮೇಲೆ ಎತ್ತಿಟ್ಟೆ. ಕೌಂಟರಿನ ಹುಡುಗಿ ಅದಕ್ಕೆ ಚೀಟಿ ಸುತ್ತಿದಳು, ಪೆಟ್ಟಿಗೆ ಒಳಕ್ಕೆ ಸರಿದು ಹೋಯಿತು. ಆಮೇಲೆ ಅವಳು ತಲೆಯೆತ್ತಿ ಸವಿತಾಳ ಹೊಟ್ಟೆ ನೋಡಿ, ಎಷ್ಟು ತಿಂಗಳು ಎಂದು ಹಿಂದಿಯಲ್ಲಿ ಕೇಳಿದಳು. ಅದನ್ನು ನಾನು ಇಬ್ಬರಿಗೂ ಕನ್ನಡದಲ್ಲಿ ಹೇಳಿದೆ. ನಮ್ಮಲ್ಲಿ ಅತ್ತೆ ಪಕ್ಕದಲ್ಲಿರುವಾಗ ಬಸುರಿನ ಲೆಕ್ಕವನ್ನು ಸೊಸೆ ಹೇಳುವುದಿಲ್ಲ. ಸವಿತಾ ಅತ್ತೆಯ ಮುಖ ನೋಡಿದಳು. ಕೆಂಪಮ್ಮ ಎರಡೂ ಕೈ ಎತ್ತಿ, ಒಂದು ಹೆಬ್ಬೆರಳು ಮಡಿಸಿ, ಒಂಬತ್ತು ಬೆರಳು ತೋರಿಸಿದರು.

"ಒಂಬತ್ತಕ್ಕೆ ಬಿದ್ದೈತೆ ಕಣವ್ವ. ನಮ್ಮನೆ ಮೊದಲ್ನೇ ಮೊಮ್ಮಗ" ಎಂದರು, ಹೆಮ್ಮೆಯಿಂದಲೇ.

ಹುಡುಗಿ ಕೀಲಿಮಣೆಯಿಂದ ಕೈ ತೆಗೆದಳು. ಒಂಬತ್ತನೆಯ ತಿಂಗಳಿನವರನ್ನು ಹತ್ತಿಸುವುದಿಲ್ಲ ಎಂದಳು.

ಸವಿತಾಳಿಗೆ ಒಂಬತ್ತು ಆಗಿರಲಿಲ್ಲ. ಅವಳು ಕೊನೆಯ ಸಲ ಹೊರಗಾದದ್ದು ಶ್ರಾವಣದ ಕಡೆಯಲ್ಲಿ. ಕೆಂಪಮ್ಮ ನಮ್ಮೂರ ಹೆಂಗಸರೆಲ್ಲ ಎಣಿಸುವಂತೆ ಎಣಿಸಿದ್ದರು: ಶ್ರಾವಣ ಒಂದು, ಭಾದ್ರಪದ ಎರಡು, ಹೀಗೆ ಹೆಸರು ಹಿಡಿದು ಚೈತ್ರಕ್ಕೆ ಒಂಬತ್ತು. ಮೊದಲ ತಿಂಗಳಿನ ನಾಲ್ಕು ದಿನವೂ ಒಂದು ತಿಂಗಳು, ಕೊನೆಯದರ ನಾಲ್ಕು ದಿನವೂ ಒಂದು ತಿಂಗಳು. ಡಾಕ್ಟರ ಲೆಕ್ಕದಲ್ಲಿ ಆಗ ಮೂವತ್ತು ವಾರ, ಅಂದರೆ ಏಳು ತಿಂಗಳು. ನಾನು ಅದನ್ನು ವಿವರಿಸಿದೆ. ಕಾಗದ ತೋರಿಸಿ ಎಂದಳು. ಸ್ಕ್ಯಾನ್ ವರದಿ, ಆಸ್ಪತ್ರೆಯ ಕಾರ್ಡು, ಎಲ್ಲವೂ ಪೆಟ್ಟಿಗೆಯಲ್ಲಿದ್ದವು.

"ಪೆಟ್ಟಿಗೆ ವಾಪಸ್ ಕೊಡಿ" ಎಂದೆ. ತರಿಸುತ್ತೇವೆ, ಪಕ್ಕಕ್ಕೆ ನಿಲ್ಲಿ ಎಂದಳು. ನಿಂತೆವು. ಹಿಂದಿದ್ದವರೆಲ್ಲ ಮುಂದೆ ಹೋದರು. ಮೂರು ಸಲ ಕೇಳಿದೆ. ಮೂರು ಸಲವೂ ಬರುತ್ತಿದೆ ಎಂದಳು. ನಾನು ಮಂಜುವಿನ ಕಾಲಿನ ವಿಷಯ ಹೇಳಿದೆ. ಅವಳು ಸಾರಿ ಎಂದಳು. ಪೆಟ್ಟಿಗೆ ಬಂದ ಮೇಲೆ ವರದಿ ತೆಗೆದು ಕೊಟ್ಟೆ. ಓದಿದಳು. ಮೂವತ್ತು ವಾರ ಸರಿ, ಆದರೆ ಪ್ರಯಾಣ ಮಾಡಬಹುದೆಂದು ಡಾಕ್ಟರು ಬರೆದುಕೊಟ್ಟ ಪತ್ರ ಬೇಕು ಎಂದಳು. ಪತ್ರ ಯಾರು ಕೊಡುತ್ತಾರೆ ಎಂದು ಕೇಳಿದ ಮೇಲೆ, ಇದೇ ಕಟ್ಟಡದಲ್ಲಿ ಡಾಕ್ಟರ ಕೋಣೆ ಇದೆ ಎಂದಳು.

ಅದನ್ನು ಅವಳು ಮೊದಲೇ ಹೇಳಬಹುದಿತ್ತು. ಇವತ್ತಿಗೂ ನನ್ನ ಸಿಟ್ಟು ಇಳಿಯದಿರುವುದು ಇಲ್ಲಿಯೇ. ಡಾಕ್ಟರು ಒಳ್ಳೆಯವರು, ಸವಿತಾಳ ರಕ್ತದೊತ್ತಡ ನೋಡಿ, ವರದಿ ನೋಡಿ, ಅಲ್ಲೇ ಬರೆದುಕೊಟ್ಟರು. ಓಡಿ ಬಂದೆವು. ಕೌಂಟರು ಮುಚ್ಚಿತ್ತು. ವಿಮಾನ ಇನ್ನೂ ಹೊರಟಿರಲಿಲ್ಲ. ಹೊರಡಲು ಮುಕ್ಕಾಲು ಗಂಟೆ ಇರುವಾಗಲೇ ಕೌಂಟರು ಮುಚ್ಚುತ್ತದಂತೆ. ಟಿಕೆಟ್ಟಿನ ಮೇಲಿರುವುದು ವಿಮಾನ ಹೊರಡುವ ಹೊತ್ತು, ನಮ್ಮನ್ನು ಒಳಗೆ ಬಿಡುವ ಹೊತ್ತಲ್ಲ.

ಕೆಂಪಮ್ಮ ನೆಲದ ಮೇಲೆ ಕೂತರು. "ನಾನ್ ಏಳು ಅಂದಿದ್ರೆ ಬುಡ್ತಿದ್ರಾ ಸುಜಾತಮ್ಮ?" ಎಂದು ನನ್ನನ್ನು ಕೇಳಿದರು.

"ಪತ್ರ ಆಗ್ಲೂ ಕೇಳ್ತಿದ್ರು ಕೆಂಪಕ್ಕ."

"ಆದ್ರೂ ಪೆಟ್ಗೆಗೆ ಕಾಯ್ತಾ ನಿಲ್ದೆ ಡಾಕ್ಟ್ರ ತಾವ್ಕೆ ಸೀದಾ ಹೋಗ್ತಿದ್ವು ಅಲ್ವಾ?"

ಸವಿತಾ ಅತ್ತೆಯ ಪಕ್ಕದಲ್ಲಿ ಕಷ್ಟಪಟ್ಟು ಕೂತು, "ಏಳಿ ಅತ್ತೆ, ಜನ ನೋಡ್ತಾವ್ರೆ" ಎಂದಳು.

"ನೋಡ್ಲಿ ಬುಡು. ಆಗ್ಲಿಂದ ಒಬ್ರೂ ನೋಡಿರ್ಲಿಲ್ಲ."

ಮರುದಿನದ ವಿಮಾನಕ್ಕೆ ಟಿಕೆಟ್ ಸಿಕ್ಕಿತು. ಪತ್ರ ನನ್ನ ಕೈಯಲ್ಲೇ ಇತ್ತು. ಯಾರೂ ಏನೂ ಕೇಳಲಿಲ್ಲ. ಇಳಿಯುವಾಗ ಕಿವಿ ನೋಯುತ್ತದೆ, ಉಗುಳು ನುಂಗುತ್ತಿರಬೇಕು. ಅದನ್ನೂ ಯಾರೂ ಹೇಳಿರಲಿಲ್ಲ. ಪುಣೆಯಲ್ಲಿ ನಮ್ಮಲ್ಲಿಗಿಂತ ಒಣ ಬಿಸಿಲು. ಕಂಪನಿಯ ಕಾರು ಬಂದಿತ್ತು.

ಮಂಜುವಿಗೆ ಜ್ವರ ಏರಿತ್ತು. ತಾಯಿಯನ್ನೂ ಹೆಂಡತಿಯನ್ನೂ ನೋಡಿ ಸಹಿ ಹಾಕಿದ. ಅವನನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಪಾದ ಮಾತ್ರ ಎಂದಿದ್ದಿರಲ್ಲ ಎಂದು ಡಾಕ್ಟರನ್ನು ಕೇಳಿದೆ. ನಂಜು ಏರಿತ್ತು ಎಂದರು. ನಿನ್ನೆ ಬಂದಿದ್ದರೆ? ಎಂದೆ. ಹೇಳಲಾಗದು ಎಂದರು. ಇನ್ನೊಮ್ಮೆ ಕೇಳಿದೆ. ಅವರು ಮುಂದಿನ ವಾರ್ಡಿಗೆ ನಡೆದರು. ಕಂಪನಿಯವನು ಹಣ್ಣಿನ ಬುಟ್ಟಿ ತಂದಿಟ್ಟು ಹೋದ.

ಮಂಜು ಓಡಾಡುವಂತಾದ ಮೇಲೆ ಸವಿತಾಳ ಜೊತೆ ರೈಲಿನಲ್ಲಿ ಬರುವುದೆಂದಾಯಿತು. ಸವಿತಾಳ ಅಪ್ಪ ಅಲ್ಲಿಗೆ ಬಂದರು. ನಾನೂ ಕೆಂಪಮ್ಮನೂ ವಿಮಾನದಲ್ಲಿ ಹಿಂದಿರುಗಿದೆವು. ಪುಣೆಯ ಕೌಂಟರಿನಲ್ಲಿದ್ದವನು ಕೆಂಪಮ್ಮನ ಗುರುತಿನ ಚೀಟಿ ತೆಗೆದುಕೊಂಡು ಹೆಸರು ಕೇಳಿದ. ಅವನ ಪ್ರಶ್ನೆಯನ್ನು ನಾನು ಅವರಿಗೆ ಕನ್ನಡದಲ್ಲಿ ಹೇಳಿದೆ. ಕೆಂಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಮುಖ ನೋಡಿದರು. ಊರಿನಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿಯನ್ನೇ ನಿಲ್ಲಿಸಿ ಬೈಯುತ್ತಿದ್ದ ಹೆಂಗಸು.

"ನೀವೇ ಹೇಳ್ಬುಡಿ. ಅವತ್ತು ನಾನ್ ಬೆರಳು ತೋರ್ಸಿದ್ದೇ ಸಾಕು" ಎಂದರು, ಮೆಲ್ಲಗೆ.

"ನಾನು ಹೇಳಲ್ಲ ಕೆಂಪಕ್ಕ. ನಿಮ್ಮ ಹೆಸರು, ನೀವೇ ಹೇಳಿ."

ಹಿಂದಿನವರು ಗೊಣಗಿದರು. ಒಬ್ಬ ಟ್ರಾಲಿಯಿಂದ ನನ್ನ ಹಿಮ್ಮಡಿಗೆ ತಾಗಿಸಿದ. ನಾನು ಜಾಗ ಬಿಡಲಿಲ್ಲ. ಇನ್ನೊಂದು ವಿಮಾನ ತಪ್ಪಿದರೂ ಸರಿ ಎಂದುಕೊಂಡು ನಿಂತೆ. ಕೆಂಪಮ್ಮ ಸೆರಗು ಇಳಿಸಿ ಹೆಸರು ಹೇಳಿದರು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಇಡೀ ಸಾಲಿಗೆ ಕೇಳಿಸುವಂತೆ ಹೇಳಿದರು.